.303 ಕೇಸ್ ಬುಡದಲ್ಲಿ ತುಂಡಾಗುತ್ತಿದೆಯೇ? ಹೊಸ ಬೋಲ್ಟ್ ಹೆಡ್ ಕೊಳ್ಳುವ ಮುಂಚೆ ಇದನ್ನು ನೋಡಿ

ಲೀ-ಎನ್‌ಫೀಲ್ಡ್, ಅಂದರೆ ಬ್ರಿಟಿಷ್ ಸೈನ್ಯದ ಹಳೆ .303 ರೈಫಲ್, ಇಟ್ಟುಕೊಂಡು, ಹೊಡೆದ ಖಾಲಿ ಕೇಸಿಗೇ (ಕಾಟ್ರಿಜ್‌ನ ಹಿತ್ತಾಳೆ ಕೊಳವೆಗೆ) ಮತ್ತೆ ಪುಡಿ, ಬುಲೆಟ್ ಹಾಕಿ ಸ್ವಂತ ಕಾಟ್ರಿಜ್ ತುಂಬಿಸಿಕೊಳ್ಳುವವರಿಗೆ ಇವತ್ತಲ್ಲ ನಾಳೆ ಎದುರಾಗುವ ತೊಂದರೆ ಇದು. ಟ್ರಿಗರ್ ಒತ್ತಿದಿರಿ, ಈಡು ಹಾರಿತು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಸರಳು) ಎಳೆದಿರಿ. ಹೊರಗೆ ಬಿದ್ದದ್ದು ಹಿತ್ತಾಳೆಯ ಒಂದು ಗಿಡ್ಡ ತುಂಡು ಮಾತ್ರ, ಕೇಸಿನ ಬುಡ. ಉಳಿದದ್ದು ಚೇಂಬರ್‌ನಲ್ಲೇ, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾಟ್ರಿಜ್ ಕೂರುವ ಗೂಡಿನಲ್ಲೇ, ಕೂತಿದೆ. ಮುಂದಿನ ಕಾಟ್ರಿಜ್ ಒಳಗೆ ಹೋಗುವುದಿಲ್ಲ, ಬೋಲ್ಟ್ ಮುಚ್ಚುವುದಿಲ್ಲ.

ಪಕ್ಕದ ಬೆಂಚಿನವರು ಆಗ ತಕ್ಷಣ ಹೇಳುವುದು: "ಹೆಡ್‌ಸ್ಪೇಸ್ ಹೋಗಿದೆ, ಬೋಲ್ಟ್ ಹೆಡ್ ಬದಲಾಯಿಸಿ." ಹೆಡ್‌ಸ್ಪೇಸ್ ಅಂದರೆ ಚೇಂಬರ್‌ನಲ್ಲಿ ಕೇಸಿನ ರಿಮ್ (ಬುಡದ ಅಂಚು) ತಡೆಯುವ ಜಾಗದಿಂದ ಬೋಲ್ಟ್ ಮುಖದವರೆಗಿನ ಅಂತರ. ಬೋಲ್ಟ್ ಹೆಡ್ ಅಂದರೆ ಬೋಲ್ಟಿನ ಮುಂತುದಿಯ ಬಿಡಿಭಾಗ. ಅದನ್ನು ಹುಡುಕಿಕೊಂಡು ಹೊರಟರೆ ದುಡ್ಡೂ ಜಾಸ್ತಿ, ತಲೆನೋವೂ ಜಾಸ್ತಿ. ನನ್ನ ಪ್ರಕಾರ ಕೋವಿಯ ಮೇಲೆ ತಪ್ಪು ಹೊರಿಸುವ ಮುಂಚೆ ಕೇಸನ್ನು ಓದಬೇಕು. ಬಹಳಷ್ಟು ಸಲ ಕೋವಿ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ನಾವು ರೀಲೋಡಿಂಗ್ ಡೈ (ಖಾಲಿ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಕೂರಿಸಿದ ರೀತಿ.

ಇದು ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದು, ಕಾನೂನು ಪ್ರಕಾರ ಹಳೆ ಮಿಲಿಟರಿ ಕೋವಿ ಇಟ್ಟುಕೊಂಡಿರುವ ಕನ್ನಡಿಗರಿಗೆ ಬರೆದದ್ದು. ಭಾರತದಲ್ಲಿ .303 ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅದಕ್ಕೇ ನಮ್ಮ ಕಡೆ ತೋಟದ ಮನೆಗಳಲ್ಲಿ ಕಾಣುವ ರೈಫಲ್ ಹೆಚ್ಚಾಗಿ .315. ಅದೂ ಲೀ-ಎನ್‌ಫೀಲ್ಡ್ ಮಾದರಿಯದೇ, ಕಾಟ್ರಿಜ್ ಬೇರೆ. ಪೊಲೀಸರ ಹೆಗಲ ಮೇಲೆ ನಾವೆಲ್ಲ ನೋಡಿರುವ 'ತ್ರೀ ನಾಟ್ ತ್ರೀ' ಈ ದೇಶಗಳಲ್ಲಿ ಹಳೆ ಸಾಮಾನಾಗಿ ಮಾರಾಟಕ್ಕೆ ಸಿಗುತ್ತದೆ. ಅಮೆರಿಕದಲ್ಲಿ 50 ವರ್ಷ ದಾಟಿದ ಕೋವಿಗಳಿಗೆ ಸಂಗ್ರಹಕಾರರ ಲೈಸೆನ್ಸ್ ಅಂತಲೇ ಒಂದು ಇದೆ. ನನ್ನ ಹತ್ತಿರ ಇರುವುದು ನಂ. 4 ಮಾರ್ಕ್ 1* ಅನ್ನುವ ಲೀ-ಎನ್‌ಫೀಲ್ಡ್ ಮಾದರಿ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿ ಬ್ರಿಟಿಷರಿಗೆ ಮಾಡಿಕೊಟ್ಟದ್ದು. ಬ್ರಿಟಿಷರ ಕೋವಿ, ಆದರೆ ಮೈಮೇಲೆ ಅಮೆರಿಕ ಸರ್ಕಾರದ ಆಸ್ತಿ ಅನ್ನುವ ಮುದ್ರೆ! ಲೆಂಡ್-ಲೀಸ್ ಲೆಕ್ಕದಲ್ಲಿ, ಅಂದರೆ ಯುದ್ಧಕಾಲದಲ್ಲಿ ಅಮೆರಿಕ ಮಿತ್ರದೇಶಗಳಿಗೆ ಎರವಲು ಕೊಡುತ್ತಿದ್ದ ಯೋಜನೆಯಲ್ಲಿ, ಕೊಟ್ಟದ್ದಲ್ವಾ, ಅದಕ್ಕೆ.

ಮೊದಲು ಸಿಕ್ಕಿಕೊಂಡ ತುಂಡನ್ನು ತೆಗೆಯಿರಿ

ಬೋಲ್ಟ್ ಮುಚ್ಚುತ್ತಿಲ್ಲ ಅಂತ ಅಂಗೈಯಿಂದ ಗುದ್ದಿ ಮುಚ್ಚಬೇಡಿ. ಇನ್ನೊಂದು ಜೀವಂತ ಕಾಟ್ರಿಜ್ ತುರುಕಿ ಆ ತುಂಡನ್ನು ಹೊರಗೆ ತರುತ್ತೇನೆ ಅನ್ನುವ ಯೋಚನೆ ಬಂದರೆ ಕೋವಿ ಕೆಳಗಿಟ್ಟು ನೀರು ಕುಡಿದು ಬನ್ನಿ. ಮ್ಯಾಗಜಿನ್ ಕಳಚಿ, ಬೋಲ್ಟ್ ಹೊರತೆಗೆದು, ನಳಿಗೆ ಗುರಿಯ ಕಡೆಗೇ ಇರಲಿ.

ಇದಕ್ಕೇ ಅಂತ .303ಗೆ ಮುರಿದ ಕೇಸ್ ತೆಗೆಯುವ ಸಾಧನ ಸಿಗುತ್ತದೆ. ಹಿಂದೆ ಸೈನ್ಯವೂ ಅಂಥದ್ದನ್ನು ಬಳಸುತ್ತಿತ್ತು. ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ ತೆಗೆದರೆ ತುಂಡು ಅದರ ಜೊತೆಗೇ ಬರುತ್ತದೆ. ಇಲ್ಲದಿದ್ದರೆ ಸ್ವಲ್ಪ ದಪ್ಪನೆಯ ಕಂಚಿನ ಬ್ರಷ್ಷನ್ನು ಹಿಂದಿನಿಂದ ತುಂಡಿನೊಳಗೆ ಬಿಗಿಯಾಗಿ ನೂಕಿ, ನಳಿಗೆಯ ಬಾಯಿಂದ ಕ್ಲೀನಿಂಗ್ ರಾಡ್ ಹಾಕಿ ಹಿಂದಕ್ಕೆ ತಳ್ಳಿ. ಸಾಮಾನ್ಯವಾಗಿ ಸುಲಭವಾಗೇ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಚೇಂಬರ್‌ಗೆ ಗೀರು ಬೀಳುತ್ತದೆ. ಆಮೇಲೆ ಪ್ರತಿ ಕೇಸೂ ಆ ಗೀರಿಗೆ ಅಂಟಿಕೊಳ್ಳುತ್ತದೆ.

ಕಣ್ಣಿಗೆ ಕನ್ನಡಕ ಇತ್ತು ಅಲ್ವಾ? ಇಲ್ಲದಿದ್ದರೆ ಅವತ್ತಿನ ಶೂಟಿಂಗ್ ಅಲ್ಲಿಗೇ ನಿಲ್ಲಿಸಿ. ಕೇಸ್ ಒಡೆದಾಗ ಬಿಸಿ ಗ್ಯಾಸ್ ಹಿಂದಕ್ಕೂ ಬರಬಹುದು, ಬೋಲ್ಟ್ ಇರುವುದು ನಿಮ್ಮ ಮುಖದ ಪಕ್ಕದಲ್ಲೇ.

ಆ ಎರಡೂ ತುಂಡುಗಳನ್ನು ಎಸೆಯಬೇಡಿ. ಮುಂದಿನ ಪತ್ತೆದಾರಿಗೆಲ್ಲ ಅವೇ ಸಾಕ್ಷಿ.

ಸೀಳು ಎಲ್ಲಿದೆ, ಯಾವ ದಿಕ್ಕಿಗಿದೆ?

ಕತ್ತಿನ ಹತ್ತಿರ ಉದ್ದಕ್ಕೆ ಸೀಳಿದೆಯೇ? ಅದು ಹಿತ್ತಾಳೆ ಗಡುಸಾಗಿ ಮುಪ್ಪಾಗಿರುವ ಗುರುತು. ಹೆಡ್‌ಸ್ಪೇಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಳೆ ಸರ್ಪ್ಲಸ್ (ಸೈನ್ಯ ಬೇಡವೆಂದು ಮಾರಿದ) ಕಾಟ್ರಿಜ್‌ಗಳಲ್ಲಿ, ತುಂಬಾ ಸಲ ರೀಲೋಡ್ ಮಾಡಿದ ಕೇಸುಗಳಲ್ಲಿ ಇದು ಮಾಮೂಲು. ಕೇಸಿನ ಮೈಯಲ್ಲಿ ಉದ್ದ ಸೀಳಿದ್ದರೆ ಆ ಹಿತ್ತಾಳೆಯ ತಯಾರಿಯನ್ನೇ ಅನುಮಾನಿಸಿ. ಅದೇ ಪೆಟ್ಟಿಗೆಯ ಉಳಿದವನ್ನೂ ಪಕ್ಕಕ್ಕಿಡಿ.

ನಮಗೆ ಬೇಕಾದದ್ದು ಮೂರನೆಯದು: ರಿಮ್‌ನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ, ಸುತ್ತಲೂ ಬಳೆ ಹಾಕಿದ ಹಾಗೆ ಅಡ್ಡಕ್ಕೆ ಬಿಟ್ಟಿರುವುದು. ಅಂದರೆ ಹಿತ್ತಾಳೆ ಹಿಗ್ಗಿ ಹಿಗ್ಗಿ ತೆಳ್ಳಗಾಗಿ ಕಿತ್ತಿದೆ.

ಯಾಕೆ ಅಲ್ಲೇ? ಕೇಸಿನ ಬುಡ ಗಟ್ಟಿ, ಮುಂದಿನ ಗೋಡೆ ತೆಳು. ಈಡು ಹೊತ್ತಿಕೊಂಡಾಗ ಫೈರಿಂಗ್ ಪಿನ್ ಕೇಸನ್ನು ಮುಂದಕ್ಕೆ ನೂಕಿ ರಿಮ್ ತಡೆಯುವವರೆಗೆ ಒಯ್ಯುತ್ತದೆ. ಒತ್ತಡ ಏರುತ್ತಿದ್ದ ಹಾಗೆ ಮುಂದಿನ ತೆಳು ಗೋಡೆ ಉಬ್ಬಿ ಚೇಂಬರನ್ನು ಕಚ್ಚಿ ಹಿಡಿಯುತ್ತದೆ. ಗಟ್ಟಿ ಬುಡಕ್ಕೆ ಹಾಗೆ ಕಚ್ಚಲು ಬರುವುದಿಲ್ಲ. ಹಿಂದೆ ಬೋಲ್ಟ್‌ವರೆಗೆ ಎಷ್ಟು ಸಂದಿ ಇದೆಯೋ ಅಷ್ಟೂ ಹಿಂದಕ್ಕೆ ಸರಿಯುತ್ತದೆ. ಮುಂಭಾಗ ಬಿಡುವುದಿಲ್ಲ, ಹಿಂಭಾಗ ನಿಲ್ಲುವುದಿಲ್ಲ. ಮಧ್ಯದ ಹಿತ್ತಾಳೆ ಹಿಗ್ಗುತ್ತದೆ. ಸಾಲದ್ದಕ್ಕೆ ಲೀ-ಎನ್‌ಫೀಲ್ಡ್ ಬೋಲ್ಟಿನ ಲಾಕಿಂಗ್ ಲಗ್‌ಗಳು, ಅಂದರೆ ಮುಚ್ಚಿದ ಬೋಲ್ಟನ್ನು ಹಿಡಿದಿಡುವ ಉಬ್ಬುಗಳು, ಹಿಂದೆ ಇವೆ. ಜರ್ಮನ್ ಮೌಸರ್ ರೈಫಲ್‌ನಲ್ಲಿ ಮುಂದೆ, ಚೇಂಬರ್ ಪಕ್ಕದಲ್ಲೇ. ಹಿಂದೆ ಇರುವುದರಿಂದ ಒತ್ತಡಕ್ಕೆ ಬೋಲ್ಟ್ ಕೂಡ ಒಂದಿಷ್ಟು ಕುಗ್ಗುತ್ತದೆ. ಬೋಲ್ಟ್ ಬೇಗ ಬೇಗ ಎಳೆಯಲು ಬರುವುದೂ ಅದೇ ರಚನೆಯಿಂದ, ಹಾಗಾಗಿ ಬೈಯುವಂತಿಲ್ಲ.

ತಂತಿ ಪರೀಕ್ಷೆ

ಈ ಬರಹದಲ್ಲಿ ಒಂದೇ ಒಂದು ವಿಷಯ ಮಾಡುತ್ತೀರಾದರೆ ಇದನ್ನು ಮಾಡಿ. ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ. ತುದಿಯನ್ನು ಎರಡು ಮೂರು ಮಿಲಿಮೀಟರ್‌ನಷ್ಟು 90 ಡಿಗ್ರಿ ಬಗ್ಗಿಸಿ. ಆ ತುದಿಯನ್ನು ಅರದಿಂದ ಚೂಪು ಮಾಡಿ. ಖಾಲಿ ಕೇಸಿನ ಬಾಯೊಳಗೆ ಹಾಕಿ ತಳ ಮುಟ್ಟಿಸಿ, ಗೋಡೆಗೆ ಒತ್ತಿ ಹಿಡಿದು ನಿಧಾನವಾಗಿ ಮೇಲಕ್ಕೆ ಎಳೆಯಿರಿ.

ಒಳ್ಳೆ ಕೇಸಾದರೆ ತಳದ ಗಟ್ಟಿ ಭಾಗದಿಂದ ಗೋಡೆಗೆ ತಂತಿ ನುಣ್ಣಗೆ ಜಾರುತ್ತದೆ. ಹಿಗ್ಗಿದ ಕೇಸಾದರೆ ತಳ ಬಿಟ್ಟು ಸ್ವಲ್ಪ ಮೇಲೆ ಬರುತ್ತಿದ್ದ ಹಾಗೆ ತುದಿ 'ಟಕ್' ಅಂತ ಒಂದು ತೋಡಿಗೆ ಬೀಳುತ್ತದೆ. ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕೇಸ್ ತಿರುಗಿಸಿ ಇನ್ನೊಂದು ಕಡೆಯೂ ಎಳೆಯಿರಿ. ಕೆಲವು ಸಲ ಒಂದು ಪಕ್ಕದಲ್ಲಿ ಮಾತ್ರ ತೋಡು ಇರುತ್ತದೆ, ಯಾಕೆಂದರೆ ಅಗಲ ಚೇಂಬರ್‌ನಲ್ಲಿ ಕೇಸ್ ಮಧ್ಯಕ್ಕೆ ಕೂರದೆ ಒಂದು ಕಡೆ ವಾಲಿ ಮಲಗಿರುತ್ತದೆ. ಅನುಮಾನ ಇದ್ದರೆ ಒಂದು ಖಾಲಿ ಕೇಸನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿ ನೋಡಿ. ಗೋಡೆ ದಪ್ಪವಾಗಿ ಶುರುವಾಗಿ, ಒಂದು ಕಡೆ ಸಣ್ಣ ಸೊಂಟ ಬಂದು, ಮತ್ತೆ ದಪ್ಪವಾಗಿರುತ್ತದೆ. ಒಂದು ಸಲ ಕಣ್ಣಾರೆ ಕಂಡರೆ ಆಮೇಲೆ ತಂತಿ ಹೇಳುವುದನ್ನು ನಂಬುವುದು ಕಷ್ಟ ಆಗುವುದಿಲ್ಲ.

ಹೊರಗೆ ಕಾಣುವ ಹೊಳೆಯುವ ಗೆರೆ ಮಾತ್ರ ನೋಡಿ ಗಾಬರಿ ಬೇಡ. ಸೈಸಿಂಗ್ ಡೈ ಎಲ್ಲಿಯವರೆಗೆ ಹೋಯಿತೋ ಅಲ್ಲೂ ಒಂದು ಗೆರೆ ಬೀಳುತ್ತದೆ. ಹೊರಗೆ ಗೆರೆ, ಒಳಗೆ ತೋಡು, ಎರಡೂ ಇದ್ದರೆ ಆ ಕೇಸಿನ ಆಯಸ್ಸು ಮುಗಿದಿದೆ.

ಮೊದಲ ಸಲಕ್ಕೇ ತುಂಡಾಯಿತೇ, ಆಮೇಲೆಯೇ?

ಹೊಸ ಫ್ಯಾಕ್ಟರಿ ಕಾಟ್ರಿಜ್ ಮೊದಲ ಈಡಿಗೇ ತುಂಡಾದರೆ ಆ ಕೋವಿ ಬಳಸುವುದು ನಿಲ್ಲಿಸಿ. ಅಲ್ಲಿ ಅನುಮಾನ ನಿಜವಾಗಿಯೂ ಕೋವಿಯ ಮೇಲೆ. ಕೆಳಗಿನ ಗೇಜಿನ ಭಾಗಕ್ಕೆ ನೇರವಾಗಿ ಹೋಗಿ.

ಕೆಲವು ಸಲ ರೀಲೋಡ್ ಆದ ಮೇಲೆ ತುಂಡಾಗಿದ್ದರೆ ಕತೆ ಬೇರೆ. .303 ಕಾಟ್ರಿಜ್ ಚೇಂಬರ್‌ನಲ್ಲಿ ನಿಲ್ಲುವುದು ರಿಮ್‌ನ ಮೇಲೆ, ಹೆಗಲಿನ (ಕೇಸಿನ ಮೈ ಕತ್ತಿಗೆ ಕಿರಿದಾಗುವ ಇಳಿಜಾರಿನ) ಮೇಲೆ ಅಲ್ಲ. ಹಾಗಾಗಿ ಚೇಂಬರಿನ ಹೆಗಲು ಎಷ್ಟು ಮುಂದಿದ್ದರೂ ಸೈನ್ಯಕ್ಕೆ ಚಿಂತೆ ಇರಲಿಲ್ಲ. ಕೆಸರು, ಮರಳು ಮೆತ್ತಿಕೊಂಡ ಕಾಟ್ರಿಜ್ ಕೂಡ ಒಳಗೆ ಹೋಗಬೇಕು, ಬೋಲ್ಟ್ ಮುಚ್ಚಬೇಕು, ಅಷ್ಟೇ. ಸಿಪಾಯಿ ಖಾಲಿ ಕೇಸನ್ನು ಮತ್ತೆ ತುಂಬಿಸುವವನಲ್ಲ. ತುಂಬಿಸುವವರು ನಾವು.

ಮೊದಲ ಈಡಿಗೆ ಕೇಸಿನ ಹೆಗಲು ಆ ದೊಡ್ಡ ಚೇಂಬರ್‌ಗೆ ಸರಿಯಾಗಿ ಮುಂದಕ್ಕೆ ಉಬ್ಬುತ್ತದೆ. ನಾವು ಡೈಯನ್ನು, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್ ಮುಟ್ಟುವ ಹಾಗೆ ಕೂರಿಸಿ ಪೂರ್ತಿ ಸೈಸ್ ಮಾಡುತ್ತೇವೆ. ಹೆಗಲು ಹಿಂದಕ್ಕೆ ಹೋಯಿತು. ಮುಂದಿನ ಈಡಿಗೆ ಮತ್ತೆ ಮುಂದಕ್ಕೆ. ಹೀಗೆ ಪ್ರತಿ ಸಲವೂ ಬುಡದ ಹತ್ತಿರ ಇಷ್ಟಿಷ್ಟೇ ತೆಳುವಾಗುತ್ತದೆ. ಡೈ ಪೆಟ್ಟಿಗೆಯಲ್ಲಿರುವ ಸೂಚನಾ ಚೀಟಿಯಲ್ಲಿ ಹಾಗೇ ಕೂರಿಸಿ ಅಂತ ಇರುತ್ತದೆ, ನಿಜ. ಆ ಚೀಟಿ ಬರೆದವರು ನಿಮ್ಮ ಚೇಂಬರ್ ನೋಡಿಲ್ಲ.

ನನಗೆ ಪರಿಚಯದ ಮಡಿಕೇರಿ ಕಡೆಯ ಒಬ್ಬರಿದ್ದಾರೆ, ಇಲ್ಲೇ ಪಕ್ಕದ ಊರಲ್ಲಿ ವಾಸ. ಕೋವಿ ವಿಷಯ ಅಂದರೆ ಹುಟ್ಟಿನಿಂದ ಬಂದದ್ದು. ಫೋನ್ ಮಾಡಿ, "ಎಂಥದು ಮಾರಾಯ್ರೆ, ಮೂರು ಕೇಸ್ ತುಂಡಾಯ್ತು, ಈ ಕೋವಿ ಮಾರ್ತೇನೆ" ಅಂದರು. "ಡೈ ಎಲ್ಲಿಯವರೆಗೆ ಇಳಿಸಿದ್ದೀರಿ?" ಅಂದೆ. "ಪೂರ್ತಿ." ಡೈಯನ್ನು ಕಾಲು ಸುತ್ತು ಮೇಲೆತ್ತಿ ನೋಡಿ ಅಂದೆ. ಕೋವಿ ಇನ್ನೂ ಅವರ ಹತ್ತಿರವೇ ಇದೆ.

ರಿಮ್ ಅಳೆಯಿರಿ

ಗೇಜ್ ಕೊಳ್ಳುವ ಮುಂಚೆ ಕ್ಯಾಲಿಪರ್ ತೆಗೆದುಕೊಳ್ಳಿ. .303ರ ರಿಮ್ ದಪ್ಪ ಹೆಚ್ಚೆಂದರೆ 0.064 ಇಂಚು, ಅಂದರೆ 1.63 ಮಿಲಿಮೀಟರ್. ಮಾರುಕಟ್ಟೆಯಲ್ಲಿ ಸಿಗುವ ಕೇಸುಗಳ ರಿಮ್ ಅದಕ್ಕಿಂತ ತೆಳುವಾಗಿರುವುದೇ ಜಾಸ್ತಿ. 0.058 ಇದ್ದರೆ, ಕೋವಿಯ ಹೆಡ್‌ಸ್ಪೇಸ್ ಅತಿ ಬಿಗಿ ಇದ್ದರೂ 6 ಥೌ ಸಂದಿ ಅಲ್ಲೇ ಹುಟ್ಟಿಕೊಂಡಿತು. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ.

ಒಂದೇ ಪೆಟ್ಟಿಗೆಯ ಕೇಸುಗಳನ್ನು ಅಳೆದು, ದಪ್ಪ ರಿಮ್‌ನವನ್ನು ಬೇರೆ ಇಡಿ. ಅವು ಹೆಚ್ಚು ದಿನ ಬಾಳುತ್ತವೆ. ಗ್ರೀಸ್ ದೇಶದ ಹಳೆ ಮಿಲಿಟರಿ ಕೇಸ್, ತಳದಲ್ಲಿ ಎಚ್‌ಎಕ್ಸ್‌ಪಿ ಗುರುತಿನದು, ಸಿಕ್ಕರೆ ಬಿಡಬೇಡಿ. ಗಟ್ಟಿ ಕೇಸು, ಪ್ರೈಮರ್ (ಪುಡಿಗೆ ಕಿಡಿ ಕೊಡುವ ಸಣ್ಣ ಬಟ್ಟಲು) ಕೂಡ ತೆಗೆದು ಹಾಕಲು ಸುಲಭವಾದ ಬಾಕ್ಸರ್ ಮಾದರಿ, ರೀಲೋಡ್‌ಗೆ ಹೇಳಿಮಾಡಿಸಿದ್ದು.

ಗೇಜ್ ಹೇಳುವುದು, ಜನ ತಪ್ಪಾಗಿ ಕೇಳಿಸಿಕೊಳ್ಳುವುದು

ಗೇಜ್ ಅಂದರೆ ಕಾಟ್ರಿಜ್ ಬದಲು ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚುತ್ತದೆಯೇ ಅಂತ ನೋಡುವ ಉಕ್ಕಿನ ತುಂಡು. ಗೋ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಅಂಗಡಿಯಲ್ಲಿ ಸಿಗುವ ನಾಗರಿಕ ಅಳತೆಯ ಗೇಜ್‌ಗಳು ಮೂರು: ಗೋ 0.064, ನೋ-ಗೋ 0.067, ಫೀಲ್ಡ್ 0.070 ಇಂಚು. ಬ್ರಿಟಿಷ್ ಸೈನ್ಯ ಒಪ್ಪುತ್ತಿದ್ದ ಗರಿಷ್ಠ ಮಿತಿ 0.074. ಎಷ್ಟೋ ಜನ 0.067 ಗೇಜ್ ಮೇಲೆ ಬೋಲ್ಟ್ ಮುಚ್ಚಿತು ಅಂತ ಎದೆ ಬಡಿದುಕೊಳ್ಳುತ್ತಾರೆ. ಸೈನ್ಯದ ಲೆಕ್ಕದಲ್ಲಿ ಅಂಥ ಕೋವಿ ಯುದ್ಧಕ್ಕೆ ಸಿದ್ಧ. ಕೇಸಿಗೆ ಒಳ್ಳೆಯದಲ್ಲ ಅನ್ನುವುದು ಬೇರೆ ಮಾತು. 0.070 ಮೇಲೂ ಮುಚ್ಚಿದರೆ ಏನು ಮಾಡುವುದು? ರೀಲೋಡ್ ಮಾಡುವವನಾಗಿ ನಾನಾದರೆ ಅದನ್ನು ಸರಿ ಮಾಡಿಸುತ್ತೇನೆ. 0.074 ಮೇಲೆ ಮುಚ್ಚಿದರೆ ಚರ್ಚೆಯೇ ಇಲ್ಲ, ಕೋವಿ ಗನ್‌ಸ್ಮಿತ್ ಹತ್ತಿರ ಹೋಗಬೇಕು.

ಗೇಜ್ ಹಾಕುವಾಗ ಎಕ್ಸ್‌ಟ್ರ್ಯಾಕ್ಟರ್ (ಕೇಸನ್ನು ಹೊರಗೆಳೆಯುವ ಕೊಕ್ಕೆ) ಬಿಚ್ಚಿ, ಬೋಲ್ಟ್ ಮುಖ ಮತ್ತು ಚೇಂಬರ್ ಒರೆಸಿ. ಹಳೆ ಗ್ರೀಸ್ ಒಂದು ಚೂರು ಇದ್ದರೂ ಅಳತೆ ಸುಳ್ಳಾಗುತ್ತದೆ. ಬೋಲ್ಟ್ ಹಿಡಿಯನ್ನು ಒಂದು ಬೆರಳಿಂದ ಮಾತ್ರ ಒತ್ತಿ. ಲೀವರ್ ಥರ ಬಲ ಹಾಕಿದರೆ ಯಾವ ಗೇಜ್ ಮೇಲಾದರೂ ಮುಚ್ಚುತ್ತದೆ.

ಗೇಜ್ ಇಲ್ಲವೇ? ಶೂಟಿಂಗ್ ರೇಂಜ್‌ನಲ್ಲಿ ಒಂದು ಉಪಾಯ ಇದೆ. ಪುಡಿ ಇಲ್ಲದ, ಬುಲೆಟ್ ಇಲ್ಲದ ಖಾಲಿ ಕೇಸಿಗೆ ಪ್ರೈಮರ್ ಮಾತ್ರ ಕೂರಿಸಿ ಹೊಡೆಯಿರಿ. ಒತ್ತಡ ಕಡಿಮೆ ಇರುವುದರಿಂದ ಕೇಸ್ ಹಿಂದಕ್ಕೆ ಬರುವುದಿಲ್ಲ, ಪ್ರೈಮರ್ ಮಾತ್ರ ಬೋಲ್ಟ್ ಮುಖದವರೆಗೆ ಹೊರಗೆ ಬಂದು ನಿಲ್ಲುತ್ತದೆ. ರಿಮ್ ದಪ್ಪಕ್ಕೆ ಪ್ರೈಮರ್ ಎಷ್ಟು ಹೊರಬಂದಿದೆಯೋ ಅದನ್ನು ಕೂಡಿಸಿ. ಅದೇ ನಿಮ್ಮ ಹೆಡ್‌ಸ್ಪೇಸ್, ಹೆಚ್ಚೂಕಡಿಮೆ. ಗೇಜಿನಷ್ಟು ಕರಾರುವಾಕ್ಕಲ್ಲ, ಆದರೆ ಗೇಜ್ ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸಲು ಸಾಕು.

ಕೋವಿಯದ್ದೇ ತಪ್ಪು ಅಂತಾದರೆ

ಬೋಲ್ಟ್ ಹಿಡಿಯ ಹಿಂಭಾಗದಲ್ಲಿರುವ ನಂಬರ್, ಕೋವಿಯ ನಂಬರ್ ಒಂದೇ ಇದೆಯೇ ನೋಡಿ. ಸರ್ಪ್ಲಸ್ ಗೋದಾಮುಗಳಲ್ಲಿ ಬೋಲ್ಟ್‌ಗಳನ್ನು ಬೇರೆ ರಾಶಿ ಹಾಕಿ, ಆಮೇಲೆ ಕೈಗೆ ಸಿಕ್ಕಿದ್ದನ್ನು ಸೇರಿಸಿ ಮಾರಿದ್ದು ಉಂಟು. ನಂಬರ್ ಹೊಂದದಿದ್ದರೆ ಎರಡೂ ಲಗ್‌ಗಳು ಸಮನಾಗಿ ಕೂರುತ್ತಿವೆಯೇ ಅಂತ ಮಾರ್ಕರ್ ಪೆನ್ನಿನ ಮಸಿ ಹಚ್ಚಿ ನೋಡಿ. ಬೋಲ್ಟನ್ನು ಕೆಲವು ಸಲ ಮುಚ್ಚಿ ತೆಗೆದರೆ, ತಾಗುವ ಕಡೆ ಮಸಿ ಅಳಿಸಿರುತ್ತದೆ. ಒಂದು ಲಗ್ ಮಾತ್ರ ಭಾರ ಹೊರುತ್ತಿದ್ದರೆ ಬೋಲ್ಟ್ ಹೆಡ್ ಬದಲಾಯಿಸಿ ಪ್ರಯೋಜನ ಇಲ್ಲ.

ಲಗ್ ಸರಿ ಇದ್ದು ಸಂದಿ ಜಾಸ್ತಿ ಇದ್ದರೆ ಮಾತ್ರ ಬೋಲ್ಟ್ ಹೆಡ್. ನಂ. 4ಕ್ಕೆ 0, 1, 2, 3 ಅಂತ ನಾಲ್ಕು ಅಳತೆ ಮಾಡಿದ್ದರು, ಅಂಕಿ ಏರಿದ ಹಾಗೆ ಉದ್ದ. ಅಂಕಿ ನೋಡಿ ಕೊಳ್ಳಬೇಡಿ, ಅಳತೆ ಕೇಳಿ ಕೊಳ್ಳಿ. ಸವೆದ 2, ಹೊಸ 1ಕ್ಕಿಂತ ಗಿಡ್ಡ ಇರಬಹುದು. 3 ಸಿಗುವುದೇ ಅಪರೂಪ, ಸಿಕ್ಕರೆ ಬೆಲೆ ಕೇಳಿ ಕೂತುಕೊಳ್ಳಬೇಕು. ಹಾಕಿದ ಮೇಲೆ ಗೋ ಗೇಜ್ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಲೇಬೇಕು. ಹಳೆಯ ನಂ. 1 ಮಾರ್ಕ್ 3ರಲ್ಲಿ, ಅಂದರೆ ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ತಯಾರಾದ ಮಾದರಿಯಲ್ಲಿ, ಈ ಅಂಕಿಯ ವ್ಯವಸ್ಥೆ ಇಲ್ಲ. ಹಲವು ಹೆಡ್ ಹಾಕಿ ನೋಡಿ ಹೊಂದಿಸಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಭಾರತದಿಂದ ಬಂದ ಕೋವಿಯಾದರೆ ಗುರುತುಗಳನ್ನು ಇನ್ನೂ ಗಮನಿಸಿ. 'ಡಿಪಿ' ಅಂತ ಹೊಡೆದಿದ್ದರೆ ಅದು ಕವಾಯತಿಗೆ ಮಾತ್ರ ಇಟ್ಟದ್ದು, ಅದರಿಂದ ಈಡು ಹೊಡೆಯುವ ಮಾತೇ ಬೇಡ. ಇಶಾಪುರದ 2ಎ ಮತ್ತು 2ಎ1 ನೋಡಲು .303 ಥರವೇ ಇದ್ದರೂ 7.62 ಮಿಲಿಮೀಟರ್ ನ್ಯಾಟೋ ಕಾಟ್ರಿಜ್‌ನವು. ಮ್ಯಾಗಜಿನ್ ಚೌಕಾಕಾರ, 12 ಗುಂಡಿನದು, ಅದರಿಂದ ಗುರುತು ಹಿಡಿಯಬಹುದು. ಪೊಲೀಸರಿಗಾಗಿ .410 ಮಸ್ಕೆಟ್ ಮಾಡಿದ ಹಳೆ ಕೋವಿಗಳೂ ಇವೆ. ಅವಕ್ಕೆ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳೇ ಇಲ್ಲ, ನಳಿಗೆ ಬೋಳು. ಇವುಗಳಿಗೆ ಮೇಲೆ ಬರೆದ ಅಳತೆ ಯಾವುದೂ ಅನ್ವಯಿಸುವುದಿಲ್ಲ.

ಡೈಯದ್ದೇ ತಪ್ಪು ಅಂತಾದರೆ

ಇದಕ್ಕೆ ಖರ್ಚು ಹೆಚ್ಚೂಕಡಿಮೆ ಸೊನ್ನೆ. ಕತ್ತು ಮಾತ್ರ ಸೈಸ್ ಮಾಡುವ ಡೈ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಈಗಿರುವ ಡೈಯನ್ನು ಮೇಲೆತ್ತಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಪ್ರತಿ ಸಲವೂ ಕೇಸನ್ನು ಕೋವಿಗೆ ಹಾಕಿ ಬೋಲ್ಟ್ ಮುಚ್ಚಿ ನೋಡಿ. ಸಣ್ಣ ಬಿಗಿಯೊಂದಿಗೆ ಮುಚ್ಚುವ ಜಾಗ ಸಿಗುತ್ತದೆ. ಅಲ್ಲೇ ಡೈಯ ಲಾಕ್ ರಿಂಗ್ ಬಿಗಿಯಿರಿ. ಈ ಕೇಸುಗಳು ಇನ್ನು ಆ ಒಂದು ಕೋವಿಗೆ ಮಾತ್ರ. ಎರಡು ಎನ್‌ಫೀಲ್ಡ್ ಇದ್ದರೆ ಎರಡು ಪೆಟ್ಟಿಗೆ.

ಹೊಸ ಕೇಸಿನ ಮೊದಲ ಈಡಿಗೆ ರಬ್ಬರ್ ಓ-ರಿಂಗ್ ಉಪಾಯ ಮಾಡಿ. ಕೇಸಿನ ಮೈಮೇಲೆ ರಿಮ್‌ನ ಮುಂದೆ ಕೂರುವ ತೆಳು ರಿಂಗ್. ಬೋಲ್ಟ್ ಮುಚ್ಚುವಾಗ ಅದು ಒತ್ತಿಕೊಂಡು ಕೇಸಿನ ಬುಡವನ್ನು ಬೋಲ್ಟ್ ಮುಖಕ್ಕೆ ಹಿಡಿದಿಡುತ್ತದೆ, ಮಧ್ಯಕ್ಕೂ ತರುತ್ತದೆ. ಆಗ ಹಿಗ್ಗಬೇಕಾದ ಸಂದಿಯೇ ಇರುವುದಿಲ್ಲ, ಹೆಗಲು ಮಾತ್ರ ಮುಂದಕ್ಕೆ ಹೋಗುತ್ತದೆ. ಒಂದೇ ಸಲ ಸಾಕು, ಆಮೇಲೆ ಕೇಸು ಹೆಗಲಿನ ಮೇಲೇ ನಿಲ್ಲುತ್ತದೆ. ಇಷ್ಟು ಅಗ್ಗದ ಇಷ್ಟು ಒಳ್ಳೆ ಮದ್ದು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

ಕೇಸಿಗೆ ಎಣ್ಣೆ ಸವರಿ ಹೊಡೆದರೆ ಹಿಗ್ಗುವುದಿಲ್ಲ ಅಂತ ಹೇಳುವವರಿದ್ದಾರೆ. ಮಾತು ಸುಳ್ಳಲ್ಲ. ಕೇಸ್ ಚೇಂಬರನ್ನು ಕಚ್ಚದೆ ಇಡಿಯಾಗಿ ಹಿಂದಕ್ಕೆ ಜಾರುತ್ತದೆ. ಆದರೆ ಆ ಹೊಡೆತವನ್ನೆಲ್ಲ ಬೋಲ್ಟ್ ತಿನ್ನಬೇಕು. ಬ್ರಿಟಿಷರು ಕೋವಿಯ ಗಟ್ಟಿತನ ಪರೀಕ್ಷಿಸಲು ಬೇಕಂತಲೇ ಎಣ್ಣೆ ಹಚ್ಚಿದ ಪ್ರೂಫ್ ಕಾಟ್ರಿಜ್ ಹಾರಿಸುತ್ತಿದ್ದರು. ಎಂಬತ್ತು ವರ್ಷದ ಬೋಲ್ಟ್‌ಗೆ ಪ್ರತಿ ಭಾನುವಾರ ಆ ಪರೀಕ್ಷೆ ಬೇಡ. ಚೇಂಬರ್ ಒಣಗಿರಲಿ. ಕ್ಲೀನ್ ಮಾಡಿದ ಮೇಲೆ ಎಣ್ಣೆ ಹಾಕಿಟ್ಟಿದ್ದರೆ ಹೊಡೆಯುವ ಮುಂಚೆ ಒಣ ಬಟ್ಟೆಯಿಂದ ಒರೆಸಿ.

ಡೈ ಸರಿ ಮಾಡಿದ ಮೇಲೂ ಹಳೆ ಕೇಸುಗಳು ಹಳೆಯವೇ. ಆಗಲೇ ತೆಳುವಾದ ಗೋಡೆ ಮತ್ತೆ ದಪ್ಪ ಆಗುವುದಿಲ್ಲ. ಹಾಗಾಗಿ ಡಬ್ಬದಲ್ಲಿರುವುದನ್ನೆಲ್ಲ ಒಂದು ಸಲ ತಂತಿ ಹಾಕಿ ನೋಡಿ. ತೋಡು ಸಿಕ್ಕಿದ್ದನ್ನು ಅಲ್ಲೇ ಇಕ್ಕಳದಲ್ಲಿ ಬಾಯಿ ಅಪ್ಪಚ್ಚಿ ಮಾಡಿ ಗುಜರಿಗೆ ಹಾಕಿ. ಹಾಗೇ ಪಕ್ಕಕ್ಕಿಟ್ಟರೆ ಯಾವತ್ತೋ ಮತ್ತೆ ಒಳ್ಳೆಯದರ ಜೊತೆ ಸೇರಿಕೊಂಡು ಪ್ರೆಸ್ ಮೇಲೆ ಬಂದು ನಿಲ್ಲುತ್ತದೆ.